ದೊಡ್ಡ ಮಳಿಗೆ ಬರಲಿ, ಮಳೆನೀರು ಎಲ್ಲಿಗೆ?

ಉಡುಪಿ-ಮಣಿಪಾಲ ರಸ್ತೆಯ ಬದಿಯಲ್ಲಿ ಹಳೇ ಮನೆಯೊಂದರ ಹಂಚು ಇಳಿಸಿದರೆ ಸಾಕು, 'ಅಲ್ಲಿ ದೊಡ್ಡ ಮಾಲ್ ಬರ್ತದಂತೆ' ಎಂಬ ಸುದ್ದಿ ಸಿಟಿ ಬಸ್ಸು ಹತ್ತಿ, ಕಲ್ಸಂಕದ ಬ್ಲಾಕನ್ನೂ ದಾಟಿ, ಸಂಜೆಯೊಳಗೆ ರಥಬೀದಿ ಮುಟ್ಟುತ್ತದೆ. ಜೀನಸು ಅಂಗಡಿಯವರ ಮುಖ ಸಣ್ಣದಾಗುತ್ತದೆ. ಹಿಂದಿನ ಓಣಿಯ ಮನೆಯವರು ಬಾವಿಯ ಚಿಂತೆಗೆ ಬೀಳುತ್ತಾರೆ. ಬಸ್ಸಿನಲ್ಲಿ ನಿಂತವರಿಗೆ ಮಾತ್ರ ಒಂದೇ ಪ್ರಶ್ನೆ: ಇನ್ನು ಎಷ್ಟು ಹೊತ್ತು ನಿಲ್ಲಬೇಕು?

ಆಮೇಲೆ ಶುರುವಾಗುವ ವಾದ ಊರಿಂದೂರಿಗೆ ಒಂದೇ. ಉಡುಪಿಯಾದರೂ ಅಷ್ಟೆ, ಕಾಪು-ಕಾರ್ಕಳವಾದರೂ ಅಷ್ಟೆ. ಆದರೆ ಈ ವಾದದಲ್ಲಿ ಯಾವ ಮಾತಿಗೆ ಕಾನೂನಿನ ತೂಕ ಉಂಟು, ಯಾವುದಕ್ಕೆ ಇಲ್ಲ ಎಂಬುದು ಎಷ್ಟು ಮಂದಿಗೆ ಗೊತ್ತು?

ಯೋಜನಾ ಪ್ರಾಧಿಕಾರದ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಾಸದ ಜಾಗಕ್ಕೆ ಹಳದಿ ಬಣ್ಣ, ವ್ಯಾಪಾರಕ್ಕೆ ನೀಲಿ. ಹಳದಿಯಲ್ಲಿ ದೊಡ್ಡ ಮಳಿಗೆ ಏಳಬೇಕಾದರೆ ಬಣ್ಣ ಬದಲಾಗಬೇಕು. ಸರಕಾರಿ ಭಾಷೆಯಲ್ಲಿ ಇದು 'ಭೂ ಉಪಯೋಗ ಬದಲಾವಣೆ'. ಇದನ್ನೂ 'ಕನ್ವರ್ಷನ್' ಅನ್ನೂ ಜನ ಒಂದೇ ಎಂದು ತಿಳಿದಿದ್ದಾರೆ. ಅಲ್ಲ. ಕೃಷಿ ಜಮೀನನ್ನು ಕೃಷಿಯೇತರ ಮಾಡುವ ಕನ್ವರ್ಷನ್ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನದ್ದು, ಜಿಲ್ಲಾಧಿಕಾರಿಗಳ ವ್ಯಾಪ್ತಿಯದ್ದು. ನಕ್ಷೆಯ ಬಣ್ಣ ಬದಲಿಸುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 14-ಎ ಕಲಮು. ಅದರ ಪ್ರಕಾರ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು, ಸರಕಾರದ ಒಪ್ಪಿಗೆ ಬೇಕು, ಸ್ಥಳೀಯವಾಗಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪ ಕೇಳಬೇಕು. ಬಣ್ಣ ಬದಲಾದ ದಿನವೇ ಸೆಂಟ್ಸಿನ ಬೆಲೆ ಹಾರುತ್ತದೆ ಎಂಬುದನ್ನು ಯಾವ ಕಲಮಿನಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು!

ಈಗ ಪೇಟೆಯವರ ಆಕ್ಷೇಪ ನೋಡಿ. 'ನಮ್ಮ ವ್ಯಾಪಾರ ಹೋಗ್ತದೆ.' ಮಾತು ಸುಳ್ಳಲ್ಲ. ತಿಂಗಳ ಕೊನೆಗೆ ಕಡ ಕೊಟ್ಟು ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಇದೇ ಸಣ್ಣ ಅಂಗಡಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿ ದಿನಕ್ಕೆ ಎರಡಾಣೆ ಕಲೆಹಾಕಿದ್ದೂ ಇಂಥ ಸಣ್ಣ ಗಳಿಕೆಯವರಿಂದಲೇ. ಆ ಬ್ಯಾಂಕೇ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಅದು ಬೇರೆ ಕಥೆ. ಆದರೆ ಪ್ರಾಧಿಕಾರದ ಮೇಜಿನ ಮುಂದೆ 'ವ್ಯಾಪಾರ ಹೋಗ್ತದೆ' ಎಂಬ ಒಂದೇ ಮಾತು ನಿಲ್ಲುವುದು ಕಷ್ಟ. ಪೈಪೋಟಿ ತಡೆಯಲಿಕ್ಕೆ ಬರೆದ ಕಾಯಿದೆ ಅದಲ್ಲ.

2012ರ ಗಲಾಟೆ ಕೆಲವರಿಗೆ ನೆನಪಿರಬಹುದು. ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳಕ್ಕೆ ಶೇ. 51ರ ತನಕ ಬಾಗಿಲು ತೆರೆದಾಗ ಸೆಪ್ಟೆಂಬರ್ 20ರಂದು ದೇಶವಿಡೀ ಬಂದ್ ಆಯಿತು. ಆ ಮಳಿಗೆಗಳಿಗೆ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಜನರಿರುವ ನಗರ ಬೇಕೆಂದು ನಿಯಮ ಇತ್ತು. 2011ರ ಗಣತಿಯಲ್ಲಿ ಇಡೀ ಉಡುಪಿ ಜಿಲ್ಲೆಯ ಜನಸಂಖ್ಯೆಯೇ 11,77,361! ನಮ್ಮ ಊರಿಗೆ ಬರುವ ದೊಡ್ಡ ಮಳಿಗೆ ಅಮೆರಿಕದ್ದಲ್ಲ, ನಮ್ಮ ದೇಶದ್ದೇ. ಅದನ್ನು ತಡೆಯಲು ಆ ನಿಯಮ ಉಪಯೋಗಕ್ಕಿಲ್ಲ.

ಕಟ್ಟುವವರ ಮಾತಿನಲ್ಲೂ ಹುರುಳುಂಟು. ಮಕ್ಕಳೆಲ್ಲ ಮುಂಬಯಿ, ದುಬಾಯಿ ಸೇರಿದ್ದಾರೆ. ರಸ್ತೆಬದಿಯ ಮನೆಯಲ್ಲಿ ಮುದುಕರಿಬ್ಬರು, ಹಗಲಿಡೀ ಬಸ್ಸಿನ ಹಾರನ್ನು. ಅಲ್ಲಿ ವಾಸವೇ ಆಗಬೇಕು ಅಂದರೆ ಯಾರು ವಾಸ ಮಾಡಬೇಕು? ಜನ ಹೇಗೂ ಮಂಗಳೂರಿಗೆ ಹೋಗಿ ದುಡ್ಡು ಸುರಿಯುತ್ತಾರಲ್ಲ, ಅದು ಇಲ್ಲೇ ಉಳಿಯಲಿ, ಹತ್ತಾರು ಹುಡುಗ-ಹುಡುಗಿಯರಿಗೆ ಕೆಲಸವಾಗಲಿ ಎನ್ನುತ್ತಾರೆ. ಕೊಳ್ಳುವವರಿಗೂ ನಾಲ್ಕು ಕಾಸು ಉಳಿದರೆ ಬೇಡವೇ? ಸರಿಯಾಗಿ ನೋಡಿದರೆ ಜಗಳ ಇರುವುದು ಊರಿಗೂ ಬಿಲ್ಡರಿಗೂ ಅಲ್ಲ. ಎದುರು ಮನೆಗೂ ಹಿಂದಿನ ಮನೆಗೂ. ಎದುರಿನವನಿಗೆ ಬೆಲೆ ಸಿಗುತ್ತದೆ, ಹಿಂದಿನವನಿಗೆ ಜನರೇಟರಿನ ಹೊಗೆ ಮತ್ತು ಗೇಟಿನ ಮುಂದೆ ನಿಂತ ಕಾರು.

ಹಾಗಾದರೆ ಹಿಂದಿನ ಮನೆಯವರು ಹೇಳಬೇಕಾದ್ದೇನು? ನೀರು ಮತ್ತು ರಸ್ತೆ.

2020ರ ಸೆಪ್ಟೆಂಬರ್ 20ರ ಆದಿತ್ಯವಾರವನ್ನು ಉಡುಪಿ ಮರೆಯುವ ಹಾಗಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕ, ಬೈಲಕೆರೆಗಳೆಲ್ಲ ನೀರಾಗಿ, ಮನೆಯವರನ್ನು ದೋಣಿಯಲ್ಲಿ ಇಳಿಸಬೇಕಾಯಿತು. ಮಳೆ ವಿಪರೀತ ಬಂದದ್ದು ನಿಜ. ಆದರೆ ನೀರು ನಿಲ್ಲುತ್ತಿದ್ದ ಬೈಲುಗದ್ದೆಗೆ ಕೆಂಪು ಮಣ್ಣು ತುಂಬಿ ಮೇಲೆ ಕಾಂಕ್ರೀಟು ಹಾಕಿದರೆ ಆ ನೀರಾದರೂ ಎಲ್ಲಿಗೆ ಹೋಗಬೇಕು? ಪಕ್ಕದವನ ಜಗಲಿಗೆ. ಮಣಿಪಾಲದ ಗುಡ್ಡದಲ್ಲಿ ಮಣ್ಣು ಅಗೆದರೂ ಅದು ಮಳೆಗಾಲದಲ್ಲಿ ಕೆಳಗಿನವರ ಚರಂಡಿಗೇ ಇಳಿಯುವುದು. ಬೇಸಗೆಯ ಲೆಕ್ಕ ತಿರುಗಾಮುರುಗ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ನಗರಸಭೆ ವಾರ್ಡಿಗೆ ಸರದಿ ಹಾಕಿ ನೀರು ಬಿಟ್ಟಿತು. ಅಂಥ ವರ್ಷ ದೊಡ್ಡ ಮಳಿಗೆಯೊಂದು ಆಳದ ಬೋರು ಇಳಿಸಿದರೆ ಸುತ್ತಿನ ಬಾವಿಗಳ ಗತಿ ಏನು?

ಕಾಪುವಿನಲ್ಲಿ ಎಲ್ಲರ ಕಣ್ಣು 66ನೇ ಹೆದ್ದಾರಿಯ ಮೇಲೆ. ಚತುಷ್ಪಥದಲ್ಲಿ ವೇಗವಾಗಿ ಬರುವ ವಾಹನ ಮಳಿಗೆಯ ಗೇಟಿಗೆ ತಿರುಗುವುದು ಎಲ್ಲಿ, ಬಸ್ಸಿಗೆ ಕಾಯುವವರು ನಿಲ್ಲುವುದು ಎಲ್ಲಿ? ವರ್ಷಕ್ಕೆ ಮೂರು ಸಲ ಮಾರಿಪೂಜೆಗೆ ಜನ ಸೇರುವಾಗಲೇ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಕಾರ್ಕಳದ್ದು ಇದಕ್ಕೆ ವಿರುದ್ಧ: ಪೇಟೆಯ ರಸ್ತೆಯೇ ಇಕ್ಕಟ್ಟು. ಸಾಲ್ಮರದಿಂದ ಬಸ್ ನಿಲ್ದಾಣಕ್ಕೆ ಎರಡು ಬಸ್ಸು ಎದುರುಬದುರಾದರೆ ಸ್ಕೂಟರಿನವ ಅಂಗಡಿ ಮೆಟ್ಟಿಲು ಹತ್ತಬೇಕು.

ನಿವಾಸಿಗಳ ಮಾತು ನಡೆಯುವುದಿಲ್ಲ ಎಂದು ಕೈಕಟ್ಟಿ ಕೂರುವವರಿಗೆ ಬೆಂಗಳೂರಿನ ಸದಾಶಿವನಗರದ ಕಥೆ ಹೇಳಬೇಕು. ಅಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಸರಕಾರ ಖಾಸಗಿ ಆಸ್ಪತ್ರೆ ಟ್ರಸ್ಟಿಗೆ ಕೊಟ್ಟಿತ್ತು. ಬಡಾವಣೆಯವರು ಕೋರ್ಟಿಗೆ ಹೋದರು. ಹೈಕೋರ್ಟು ಮಂಜೂರಾತಿ ರದ್ದು ಮಾಡಿತು. 1991ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಉಂಟೆಂದು ಸ್ಪಷ್ಟ ಹೇಳಿತು. ಅದು ಆಸ್ಪತ್ರೆ, ಜವಳಿ ಮಳಿಗೆಯೂ ಅಲ್ಲ! ಆದರೂ ಪಾರ್ಕು ಪಾರ್ಕಾಗಿಯೇ ಉಳಿಯಬೇಕೆಂದಾಯಿತು.

ಆದರೆ ಆಕ್ಷೇಪ ಬರೆಯುವ ಮೊದಲು ಪೇಟೆಯವರು ತಮ್ಮ ಕಟ್ಟಡದ ಕೆಳಗೆ ಒಮ್ಮೆ ಇಣುಕುವುದು ಒಳ್ಳೆಯದು. ಪಾರ್ಕಿಂಗಿಗೆಂದು ತೋರಿಸಿದ ನೆಲಮಾಳಿಗೆಯಲ್ಲಿ ಅಕ್ಕಿ ಮೂಟೆ, ಫುಟ್‌ಪಾತಿನ ಮೇಲೆ ಬಕೆಟ್ಟು-ಚಾಪೆ. ಎದುರಿನ ವಕೀಲರು ಮೊದಲು ಬೊಟ್ಟು ಮಾಡುವುದು ಅಲ್ಲಿಗೇ. 'ಅಕ್ರಮ-ಸಕ್ರಮ ಆಗ್ತದೆ' ಎಂಬ ಆಸೆಯೂ ಬೇಡ. ಉಲ್ಲಂಘನೆ ಮನೆಗೆ ಶೇ. 50, ವಾಣಿಜ್ಯ ಕಟ್ಟಡಕ್ಕೆ ಶೇ. 25ರೊಳಗಿದ್ದರೆ ದಂಡ ಕಟ್ಟಿ ಪಾರಾಗಬಹುದೆಂಬ ಯೋಜನೆ ಅದು. 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟು ತಡೆ ಹಾಕಿತು.

ಇನ್ನೊಂದು ತೊಡಕು ಪ್ರಕಟಣೆಯದ್ದೇ. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವುದು ಗ್ರಾಮದ ಹೆಸರು ಮತ್ತು ಸರ್ವೆ ನಂಬ್ರ. ಊರಿನವರು ಜಾಗ ಗುರುತಿಸುವುದು ಮನೆತನದ ಹೆಸರಿನಿಂದ, ದೈವಸ್ಥಾನದ ಗುರುತಿನಿಂದ, 'ಆ ತೋಡಿನ ಆಚೆ' ಎಂದು. ಹಾಗಾಗಿ ಪಕ್ಕದ ಗದ್ದೆಯದ್ದೇ ಪ್ರಕಟಣೆ ಬಂದರೂ ಪೇಪರು ಮಡಚಿ ಬೋಂಡ ಕಟ್ಟುತ್ತಾರೆ. ಕೊಟ್ಟ ಅವಧಿ ಮುಗಿದ ಮೇಲೆ ಜೆಸಿಬಿ ಬಂದಾಗಲೇ ಗೊತ್ತಾಗುವುದು. ತಮ್ಮ ಆರ್‌ಟಿಸಿಯಲ್ಲಿರುವ ನಂಬ್ರವೂ ಅದರ ಆಚೀಚೆಯ ನಂಬ್ರಗಳೂ ಯಾವುವು ಎಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿಟ್ಟರೆ ಅರ್ಧ ಕೆಲಸ ಆದ ಹಾಗೆ. ಇನ್ನರ್ಧ, ಆಕ್ಷೇಪವನ್ನು ಅವಧಿಯೊಳಗೆ ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳುವುದು.