ಹೆಣ ಹೊತ್ತವರ ಹಬ್ಬ

ಯೆಹೂದ್ಯರ ಪಸ್ಕಹಬ್ಬದ ಹೆಸರು ಕೇಳದ ಓದುಗರು ನಮ್ಮಲ್ಲಿ ಇರಲಾರರು. ಐಗುಪ್ತದ ಬಿಟ್ಟಿಚಾಕರಿಯಿಂದ ಬಿಡುಗಡೆಯಾದ ರಾತ್ರಿಯನ್ನು ಮರೆಯದೆ ನೆನೆಯುವ ಹಬ್ಬ ಅದು. ಆದರೆ ಅದೇ ಹಬ್ಬಕ್ಕೆ ಸರಿಯಾಗಿ ಒಂದು ತಿಂಗಳಾದ ಮೇಲೆ ಎರಡನೆಯ ಪಸ್ಕವೆಂಬ ಇನ್ನೊಂದು ಚಿಕ್ಕ ದಿನವುಂಟೆಂಬುದನ್ನು ಬಲ್ಲವರು ಕಡಿಮೆ. ಇಬ್ರಿಯ ಭಾಷೆಯಲ್ಲಿ ಅದಕ್ಕೆ ಪೆಸಹ್ ಶೇನೀ ಎಂದು ಹೆಸರು. ಮೊದಲನೆಯ ಪಸ್ಕದ ಕುರಿಯನ್ನು ನೀಸಾನ್ ತಿಂಗಳಿನ 14ರಂದು ಕೊಯ್ಯುತ್ತಿದ್ದರು. ಎರಡನೆಯದು ಮುಂದಿನ ಈಯಾರ್ ತಿಂಗಳಿನ 14. ನಮ್ಮ ಲೆಕ್ಕದಲ್ಲಿ ಚೈತ್ರ ವೈಶಾಖಗಳ ಆಸುಪಾಸು, ವಸಂತಕಾಲ. ಈ ಚಿಕ್ಕ ದಿನದ ವಿಷಯವಾಗಿ ಈ ಸಾರಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಏಕೆಂದರೆ ಹಬ್ಬ ತಪ್ಪಿಹೋದವರು ತಾವೇ ಮುಂದೆ ಬಂದು ಕೇಳಿ ಪಡೆದುಕೊಂಡ ದಿನ ಇದು.

ಅಂದು ಯೆಹೂದ್ಯರ ಸಭಾಮಂದಿರಕ್ಕೆ ಹೊಸಬರೊಬ್ಬರು ಹೋದರೆ ಹಬ್ಬದ ಸುಳಿವೇ ಅವರಿಗೆ ಸಿಕ್ಕದು. ಕೆಲಸಕ್ಕೆ ರಜೆಯಿಲ್ಲ, ಅಂಗಡಿಗೆ ಬೀಗವಿಲ್ಲ. ಮುಂಜಾನೆಯ ಪ್ರಾರ್ಥನೆಗೆ ಬಂದವರು ಮುಗಿಸಿಕೊಂಡು ತಂತಮ್ಮ ಕೆಲಸಕ್ಕೆ ಹೊರಡುತ್ತಾರೆ. ದಿನಾಲೂ ಬರುವವರಿಗೆ ಮಾತ್ರ ಒಂದು ವ್ಯತ್ಯಾಸ ತಿಳಿಯುತ್ತದೆ. ವಾರದ ದಿನಗಳಲ್ಲಿ ಹೇಳುವ ತಹನೂನ್ ಎಂಬ ಪಶ್ಚಾತ್ತಾಪದ ಬಿನ್ನಹವನ್ನು ಅನೇಕ ಸಭೆಗಳವರು ಆ ದಿನ ಬಿಟ್ಟುಬಿಡುತ್ತಾರೆ. ಸಂತೋಷದ ದಿನಗಳಲ್ಲಿ ಅದನ್ನು ಹೇಳುವ ಪದ್ಧತಿಯಿಲ್ಲ. ಮನೆಯಲ್ಲಿ, ಪಸ್ಕದ ವಾರದಿಂದ ಎತ್ತಿಟ್ಟ ಹುಳಿಯಿಲ್ಲದ ರೊಟ್ಟಿಯ ಒಂದು ತುಂಡನ್ನು ತಿನ್ನುತ್ತಾರೆ. ಇಷ್ಟೇ ಹಬ್ಬ. ಪಸ್ಕದಿಂದ ಮುಂದೆ 49 ದಿನಗಳನ್ನು ಒಂದೊಂದಾಗಿ ಎಣಿಸುವ ಓಮೆರ್ ಎಂಬ ಲೆಕ್ಕದಲ್ಲಿ ಇದು 29ನೆಯ ದಿನ. ನಾಲ್ಕು ದಿನ ಕಳೆದರೆ 33ನೆಯ ದಿನದ ಲಗ್ ಬಾಓಮೆರ್ ಬರುತ್ತದೆ. ಆಗ ಬೆಂಕಿ ಹಾಕುವುದೇನು, ಮಕ್ಕಳು ಬಿಲ್ಲುಬಾಣ ಹಿಡಿದು ಬಯಲಿಗೆ ಓಡುವುದೇನು! ಅದರ ಪಕ್ಕದಲ್ಲಿ ಎರಡನೆಯ ಪಸ್ಕವು ಮದುವೆಮನೆಗೆ ಬಂದ ಬಡನೆಂಟನ ಹಾಗೆ ಮೂಲೆಯಲ್ಲಿ ಕೂತಿರುತ್ತದೆ.

ಇದರ ಹುಟ್ಟು ಅರಣ್ಯಕಾಂಡದ 9ನೆಯ ಅಧ್ಯಾಯದಲ್ಲಿದೆ. ಐಗುಪ್ತದಿಂದ ಹೊರಟ ಎರಡನೆಯ ವರ್ಷ. ಸೀನಾಯಿ ಅರಣ್ಯದಲ್ಲಿ ಎಲ್ಲರೂ ಪಸ್ಕ ಆಚರಿಸಬೇಕೆಂದು ಅಪ್ಪಣೆಯಾಗಿತ್ತು. ಆದರೆ ಕೆಲವರು ಹೆಣ ಮುಟ್ಟಿದ್ದರಿಂದ ಅಶುದ್ಧರಾಗಿದ್ದರು. ಅಂಥವರಿಗೆ ಏಳು ದಿನದ ಮೈಲಿಗೆ. ಪಸ್ಕದ ಕುರಿಯಲ್ಲಿ ಅವರಿಗೆ ಪಾಲಿಲ್ಲ. ಅವರು ಗುಡಾರದಲ್ಲಿ ಕೂತು ಗೊಣಗಲಿಲ್ಲ. ಅದೇ ದಿನ ನೇರವಾಗಿ ಮೋಶೆ ಆರೋನರ ಮುಂದೆ ಬಂದು ನಿಂತರು. ಹೆಣ ಮುಟ್ಟಿದ್ದೇವೆ, ನಿಜ. ಆದರೆ ಉಳಿದವರ ಜೊತೆ ಸೇರಿ ಹೊತ್ತಿಗೆ ಸರಿಯಾಗಿ ಕಾಣಿಕೆ ತರದಂತೆ ನಮ್ಮನ್ನು ಏಕೆ ತಡೆಯಬೇಕು ಎಂಬುದು ಅವರ ಪ್ರಶ್ನೆಯ ಸಾರಾಂಶ.

ಈ ಹೆಣ ಯಾರದು, ಇವರು ಯಾರು? ಬೈಬಲಿನಲ್ಲಿ ಹೆಸರಿಲ್ಲ. ತಾಲ್ಮೂದಿನ ಪಂಡಿತರು ಇದನ್ನು ಕುರಿತು ಚರ್ಚೆ ಮಾಡಿದ್ದಾರೆ. ಯೋಸೇಫನ ಪೆಟ್ಟಿಗೆಯನ್ನು ಹೊತ್ತು ತರುತ್ತಿದ್ದವರೇ ಇವರು ಎಂದರು ಗಲಿಲಾಯದ ರಬ್ಬಿ ಯೋಸೆ. ಯೋಸೇಫನ ಎಲುಬುಗಳನ್ನು ಐಗುಪ್ತದಿಂದ ಒಯ್ಯಬೇಕೆಂಬುದು ಹಿರಿಯರು ಕೊಟ್ಟ ಮಾತಾಗಿತ್ತಷ್ಟೆ. ರಬ್ಬಿ ಅಕೀವ ಎಂಬವರು, ಇವರು ಮೀಶಾಯೇಲ ಎಲ್ಸಾಫಾನರು, ಬೆಂಕಿಗೆ ಸಿಕ್ಕಿ ಸತ್ತ ನಾದಾಬ್ ಅಬೀಹೂ ಎಂಬ ಯಾಜಕರ ಹೆಣಗಳನ್ನು ಪಾಳೆಯದ ಹೊರಗೆ ಸಾಗಿಸಿದವರು ಎಂದರು. ರಬ್ಬಿ ಇಸಾಕ ಎಂಬವರಿಗೆ ಇವೆರಡೂ ಹಿಡಿಸಲಿಲ್ಲ. ಆ ಎರಡು ಕೆಲಸದವರಾಗಿದ್ದರೆ ಹಬ್ಬದೊಳಗೆ ಶುದ್ಧಿ ಮಾಡಿಕೊಳ್ಳಲು ಬೇಕಾದಷ್ಟು ದಿನಗಳಿದ್ದವಲ್ಲ ಎಂದು ಅವರ ವಾದ. ದಿಕ್ಕಿಲ್ಲದೆ ಬಿದ್ದಿದ್ದ ಅನಾಥ ಹೆಣವನ್ನು ಹೂಳಿದವರೇ ಇವರು, ಅವರ ಮೈಲಿಗೆಯ ಏಳನೆಯ ದಿನವು ಹಬ್ಬದ ದಿನಕ್ಕೇ ಬಂದು ಬಿತ್ತು ಎಂದು ಅವರು ಹೇಳಿದರು.

ನಮಗೆ ಈ ಮೂರನೆಯ ಉತ್ತರವೇ ಹೆಚ್ಚು ಸರಿಕಾಣುತ್ತದೆ. ಅನಾಥ ಹೆಣದ ವಿಷಯದಲ್ಲಿ ಯೆಹೂದ್ಯರ ಕಟ್ಟಳೆ ಬಲು ಬಿಗಿ. ತಂದೆ ತಾಯಿ ಸತ್ತರೂ ಹೆಣದ ಹತ್ತಿರ ಹೋಗಬಾರದ ಮಹಾಯಾಜಕನು ಸಹ, ದಾರಿಯಲ್ಲಿ ದಿಕ್ಕಿಲ್ಲದ ಹೆಣ ಕಂಡರೆ ತಾನೇ ನಿಂತು ಹೂಳಬೇಕು. ಹಾಗಾದರೆ ಇದನ್ನು ಯೋಚಿಸಿರಿ: ಒಂದು ಕಟ್ಟಳೆ ಹೂಳು ಎನ್ನುತ್ತದೆ, ಇನ್ನೊಂದು ಕಟ್ಟಳೆ ಹೂಳಿದವನಿಗೆ ಹಬ್ಬವಿಲ್ಲ ಎನ್ನುತ್ತದೆ. ಎರಡೂ ದೇವರ ಕಟ್ಟಳೆಗಳೇ. ಮೊದಲನೆಯದನ್ನು ನಡಿಸಿದವನು ಎರಡನೆಯದರಿಂದ ಹೊರಗುಳಿಯುತ್ತಾನೆ. ಇತ್ತ ಹೆಣ ಕಂಡು ಮೂಗು ಮುಚ್ಚಿಕೊಂಡು ಆಚೆ ದಾರಿ ಹಿಡಿದವನಿಗೆ ಊಟದ ಪಂಕ್ತಿಯಲ್ಲಿ ಜಾಗವಿದೆ!

ಮೋಶೆಯ ನಡತೆಯನ್ನೂ ಗಮನಿಸಬೇಕು. ಕಟ್ಟಳೆ ಹೀಗಿದೆ, ನಾನೇನು ಮಾಡಲಿ, ಬರುವ ವರ್ಷ ನೋಡೋಣ ಎಂದು ಅವನು ಅವರನ್ನು ಸಾಗಹಾಕಲಿಲ್ಲ. ಇಲ್ಲೇ ನಿಂತಿರಿ, ಕೇಳಿಬರುತ್ತೇನೆ ಎಂದನು. ಬಂದ ಉತ್ತರವೋ, ಕೇಳಿದ್ದಕ್ಕಿಂತ ದೊಡ್ಡದು. ಹೆಣ ಮುಟ್ಟಿದವರಿಗೆ ಮಾತ್ರವಲ್ಲ, ದೂರ ಪ್ರಯಾಣದಲ್ಲಿ ಇದ್ದವರಿಗೂ, ಆ ವರ್ಷಕ್ಕೆ ಮಾತ್ರವಲ್ಲ, ಮುಂದಿನ ಸಂತತಿಗಳಿಗೂ ಒಂದು ತಿಂಗಳಾದ ಮೇಲೆ ಇನ್ನೊಂದು ಪಸ್ಕ. ಪರದೇಶಿಗೂ ಸ್ವದೇಶದವನಿಗೂ ಒಂದೇ ಕಟ್ಟಳೆ ಎಂಬ ಮಾತೂ ಅಲ್ಲಿಯೇ ಸೇರಿದೆ. ಒಂದು ರಾಜ್ಯದಲ್ಲಿ ಬದುಕುತ್ತಾ ಇನ್ನೊಂದು ರಾಜ್ಯದ ಭಾಷೆ ಆಡುವ ನಮ್ಮ ಓದುಗರಿಗೆ ಈ ಮಾತಿನ ತೂಕವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ದೂರ ಎಂದರೆ ಎಷ್ಟು ದೂರ? ಇದರ ಮೇಲೂ ಪಂಡಿತರಲ್ಲಿ ವಾದ ನಡೆಯಿತು. ಯೆರೂಸಲೇಮಿಗೆ ಒಂದು ದಿನದ ದಾರಿಯೊಳಗಿನ ಮೋದಿಯಿನ್ ಊರಿನಿಂದ ಆಚೆ ಇದ್ದರೆ ದೂರವೇ ಎಂದರು ರಬ್ಬಿ ಅಕೀವ. ರಬ್ಬಿ ಎಲಿಯೇಜರ್ ಎಂಬವರು ದೇವಾಲಯದ ಅಂಗಳದ ಹೊಸ್ತಿಲಿನಿಂದ ಆಚೆ ಇದ್ದರೂ ದೂರವೇ ಎಂದುಬಿಟ್ಟರು. ಇಬ್ರಿಯ ಸುರುಳಿಯಲ್ಲಿ ದೂರ ಎಂಬ ಆ ಶಬ್ದದ ಕೊನೆಯ ಅಕ್ಷರದ ಮೇಲೆ ಒಂದು ಚುಕ್ಕಿ ಇರುತ್ತದೆ. ಬರೆಯುವವರು ಇಂದಿಗೂ ಅದನ್ನು ಬಿಡದೆ ಹಾಕುತ್ತಾರೆ. ನಿಜವಾಗಿ ದೂರದಲ್ಲಿರಬೇಕಾಗಿಲ್ಲ, ಹೊಸ್ತಿಲಿನ ಆಚೆ ಸಿಕ್ಕಿಕೊಂಡವನೂ ದೂರದವನೇ ಎಂದು ಆ ಚುಕ್ಕಿಗೆ ಅರ್ಥ ಹೇಳಿದವರು ರಬ್ಬಿ ಯೋಸೆ. ಗುಡಿಯಲ್ಲಿ ಗಂಟೆ ಬಾರಿಸುವುದು ಕಿವಿಗೆ ಬೀಳುವಷ್ಟು ಹತ್ತಿರದ ಟೀ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಈ ಚುಕ್ಕಿ ಚೆನ್ನಾಗಿ ಅರ್ಥವಾಗುತ್ತದೆ.

ಇತ್ತೀಚೆಗೆ ಬೋಧಕರು ಅನೇಕರು ಎರಡನೆಯ ಪಸ್ಕವನ್ನು ಎರಡನೆಯ ಅವಕಾಶದ ದಿನವೆಂದು ವರ್ಣಿಸುತ್ತಾರೆ. ಬಿದ್ದವನು ಏಳಬಹುದು, ಕೆಟ್ಟವನು ಸರಿಹೋಗಬಹುದು ಎಂದು. ಇದಕ್ಕೆ ಆಧಾರವಿಲ್ಲವೆಂದು ನಾವು ಹೇಳುವುದಿಲ್ಲ. ಬೇಕೆಂದೇ ಮೊದಲನೆಯ ಪಸ್ಕ ಬಿಟ್ಟವನೂ ಎರಡನೆಯದರಲ್ಲಿ ಕುರಿ ತರಬಹುದೆಂದು 12ನೆಯ ಶತಮಾನದ ಮಹಾಪಂಡಿತ ಮೈಮೋನಿದೇಸ್ ತಮ್ಮ ಧರ್ಮಶಾಸ್ತ್ರದಲ್ಲಿ ಬರೆದಿದ್ದಾರೆ. ಆದರೂ ಈ ವರ್ಣನೆ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಬಾಗಿಲು ತಟ್ಟಿ ತೆಗೆಸಿದವರು ಕೆಟ್ಟವರಲ್ಲ. ಅವರು ಏನೂ ತಪ್ಪು ಮಾಡಿರಲಿಲ್ಲ, ಯಾರಾದರೂ ಮಾಡಲೇಬೇಕಾದ ಕೆಲಸ ಮಾಡಿದ್ದರು. ಅವರು ಕೇಳಿದ್ದು ಕ್ಷಮೆಯಲ್ಲ, ಪಾಲು. ಇವೆರಡನ್ನು ಕಲಸಿದರೆ ಹೆಣ ಹೊತ್ತವನೂ ಸೋಮಾರಿಯೂ ಒಂದೇ ತಕ್ಕಡಿಗೆ ಬೀಳುತ್ತಾರೆ. ಶುದ್ಧನಾಗಿದ್ದು, ಊರಲ್ಲೇ ಇದ್ದು, ಉದಾಸೀನದಿಂದ ಪಸ್ಕ ಬಿಟ್ಟವನು ಜನರೊಳಗಿಂದ ತೆಗೆದುಹಾಕಲ್ಪಡಬೇಕೆಂದು ಅದೇ ಅಧ್ಯಾಯವು ಖಂಡಿತವಾಗಿ ಹೇಳುತ್ತದೆ.

ಇನ್ನೊಂದು ಸಂಗತಿಯುಂಟು. ಜನರಲ್ಲಿ ಹೆಚ್ಚಿನವರು ಹೆಣದ ಮೈಲಿಗೆಯಲ್ಲಿದ್ದರೆ ಎರಡನೆಯ ದಿನಕ್ಕೆ ಮುಂದೂಡುವುದಿಲ್ಲ. ಮೈಲಿಗೆಯಲ್ಲಿಯೇ ಮೊದಲ ಪಸ್ಕವನ್ನು ಆಚರಿಸಬಹುದೆಂದು ಮಿಷ್ನಾ ಎಂಬ ಹಳೆಯ ಕಟ್ಟಳೆಗಳ ಗ್ರಂಥದಲ್ಲಿದೆ. ಅಂದರೆ ಬಹುಮಂದಿಗೆ ಯಾವಾಗಲೂ ದಾರಿ ಸಿಕ್ಕುತ್ತದೆ, ಕಟ್ಟಳೆಯೇ ಬಾಗುತ್ತದೆ. ಎರಡನೆಯ ದಿನವಿರುವುದು ಕೆಲವರಿಗಾಗಿಯೇ, ಎಣಿಕೆಗೆ ಬಾರದ ನಾಲ್ಕಾರು ಮಂದಿಗಾಗಿಯೇ. ಇದೇ ಇದರ ದೊಡ್ಡತನವೆಂದು ನಮ್ಮ ಅಭಿಪ್ರಾಯ. ಹಿಜ್ಕೀಯ ಅರಸನ ಕಾಲದಲ್ಲಿ ಮಾತ್ರ ಇಡೀ ರಾಜ್ಯವೇ ಎರಡನೆಯ ತಿಂಗಳಿನಲ್ಲಿ ಪಸ್ಕ ಆಚರಿಸಿತು. ಸಾಕಷ್ಟು ಮಂದಿ ಯಾಜಕರು ಶುದ್ಧರಾಗಿರಲಿಲ್ಲ, ಜನರೂ ಯೆರೂಸಲೇಮಿನಲ್ಲಿ ಕೂಡಿರಲಿಲ್ಲ. ಪೂರ್ವಕಾಲವೃತ್ತಾಂತದ ದ್ವಿತೀಯ ಭಾಗದ 30ನೆಯ ಅಧ್ಯಾಯವನ್ನು ಓದುಗರು ತೆಗೆದು ನೋಡಬಹುದು.

ಹೆಂಗಸರ ವಿಷಯದಲ್ಲಿ ಮಾತ್ರ ಪಂಡಿತರ ಕೈ ಬಿಗಿಯಾಯಿತು. ಎರಡನೆಯ ಪಸ್ಕದಲ್ಲಿ ಹೆಂಗಸಿಗೆ ತನ್ನದೇ ಹಕ್ಕುಂಟೋ, ಬೇರೆಯವರ ಜೊತೆಯಲ್ಲಿ ಸೇರಿಕೊಳ್ಳಬೇಕೋ, ಅಥವಾ ಸೇರಲೇಬಾರದೋ ಎಂದು ತಾಲ್ಮೂದಿನಲ್ಲಿ ಮೂರು ಅಭಿಪ್ರಾಯಗಳಿವೆ. ಸೊಪ್ಪು ಕೊಯ್ದು, ಮಗು ನೋಡಿ, ಸತ್ತವರ ಮೈ ತೊಳೆಯುವುದಕ್ಕೂ ಮುಂದಾಗುವ ನಮ್ಮ ಅಕ್ಕತಂಗಿಯರು ಇದಕ್ಕೆ ಏನೆನ್ನುವರೋ! ಆದರೆ ಅದೇ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು, ಗಂಡುಮಗನಿಲ್ಲವೆಂದು ತಂದೆಯ ಹೆಸರು ಏಕೆ ಅಳಿಯಬೇಕೆಂದು ಕೇಳಿ ಆಸ್ತಿಯಲ್ಲಿ ಪಾಲು ಪಡೆದರು. ಹೆಣ ಮುಟ್ಟಿದವರ ಪ್ರಶ್ನೆಯಲ್ಲಿಯೂ ಈ ಹೆಣ್ಣುಮಕ್ಕಳ ಪ್ರಶ್ನೆಯಲ್ಲಿಯೂ ಇಬ್ರಿಯ ಭಾಷೆಯ ಕ್ರಿಯಾಪದ ಒಂದೇ. ಕಡಿಮೆಮಾಡು ಎಂಬುದು ಅದರ ಅರ್ಥ. ಎರಡು ಸಾರಿಯೂ ಮೋಶೆ ದೇವರನ್ನು ಕೇಳಲು ಹೋದನು. ಎರಡು ಸಾರಿಯೂ ಕೇಳಿದವರದೇ ನ್ಯಾಯವಾಯಿತು.

ಕ್ರಿಸ್ತಶಕ 70ರಲ್ಲಿ ಯೆರೂಸಲೇಮಿನ ದೇವಾಲಯವು ಹಾಳಾದ ಮೇಲೆ ಕುರಿಯ ಬಲಿ ನಿಂತಿತು, ಮೊದಲನೆಯದೂ ಎರಡನೆಯದೂ. ಆದರೆ ದಿನ ಉಳಿಯಿತು. ಗಲಿಲಾಯ ಸಮುದ್ರದ ದಡದ ತಿಬೇರಿಯದಲ್ಲಿ ಅದ್ಭುತಗಳಿಗೆ ಹೆಸರಾದ ರಬ್ಬಿ ಮೇಯಿರರ ಸಮಾಧಿಗೆ ಆ ದಿನ ಜನ ಕೂಡುತ್ತಾರೆ. ಬೇರೆಡೆಯಲ್ಲಿ ಆ ರೊಟ್ಟಿಯ ತುಂಡು ಮಾತ್ರ. ವಿಶೇಷವೇನೆಂದರೆ, ಹೆಣ ಮುಟ್ಟಿದವರ ಕಥೆಯನ್ನು ಸಭಾಮಂದಿರದಲ್ಲಿ ಮೊದಲ ಪಸ್ಕದ ವಾರದಲ್ಲಿಯೇ ಒಂದು ದಿನ ಸುರುಳಿಯಿಂದ ಓದುತ್ತಾರೆ. ಹಬ್ಬಕ್ಕೆ ಬಂದು ಕೂತವರ ಕಿವಿಗೆ ಬಾರದವರ ಸುದ್ದಿ ಬೀಳುತ್ತದೆ. ವಯನಾಡಿನ ನಮ್ಮ ಓದುಗರು ಕೊಚ್ಚಿಗೆ ಹೋದರೆ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಸಭಾಮಂದಿರವನ್ನು ನೋಡಬಹುದು. ಕೊಚ್ಚಿಯ ಯೆಹೂದ್ಯರಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಇಸ್ರಾಯೇಲಿಗೆ ಹೋಗಿ ನೆಲೆಸಿದರು. ಹಳೆಯ ಪದ್ಧತಿಯ ಸಭೆಗಳಲ್ಲಿ ಸುರುಳಿ ಓದಬೇಕಾದರೆ ಹತ್ತು ಮಂದಿ ಗಂಡಸರು ಕೂಡಬೇಕು. ಒಂಬತ್ತೇ ಮಂದಿ ಕೂತು ಬಾಗಿಲ ಕಡೆ ನೋಡುವ ಸಭೆಗೆ, ಬಾರದ ಒಬ್ಬನ ಬೆಲೆ ಎಷ್ಟೆಂದು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಯೆಹೂದ್ಯರ ಹಬ್ಬವನ್ನು ಎಳೆದು ತಂದು ನಮ್ಮದಾಗಿ ಮಾಡಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಅದು ಅವರದು, ಅವರಲ್ಲೇ ಇರಲಿ. ಆದರೆ ನಮ್ಮ ಲೈನುಗಳಲ್ಲಿ ಹಬ್ಬದ ದಿನ ಗುಂಡಿ ತೋಡಲು ಹೋದವರು, ರಾತ್ರಿ ಕಾವಲಿನವರು, ಆಸ್ಪತ್ರೆಯ ಆಯಾ ಇವರೆಲ್ಲ ಊಟದ ಪಂಕ್ತಿಯಲ್ಲಿ ಇರುವುದಿಲ್ಲ. ಪಾಪ, ಅವರಿಗೆ ಬರಲಾಗಲಿಲ್ಲ ಎನ್ನುತ್ತೇವೆ, ಒಂದು ಡಬ್ಬಿಯಲ್ಲಿ ತಣ್ಣಗಾದ ಅನ್ನ ಸಾರು ಕಳಿಸುತ್ತೇವೆ. ಇದಕ್ಕೂ ಮೋಶೆಯ ಕಟ್ಟಳೆಗೂ ಇರುವ ಅಂತರ ನೋಡಿರಿ. ಮೊದಲನೆಯ ಪಸ್ಕದ ಮಾಂಸದಲ್ಲಿ ಬೆಳಗಿನ ತನಕ ಏನೂ ಉಳಿಯಬಾರದೆಂದು ವಿಧಿಯಿತ್ತು. ಆದುದರಿಂದ ತಡವಾಗಿ ಬಂದವನಿಗೆ ಎತ್ತಿಟ್ಟ ತಂಗಳು ಕೊಡುವ ಮಾತೇ ಇಲ್ಲ. ಅವನಿಗಾಗಿ ಹೊಸದಾಗಿ ಕುರಿ ಕೊಯ್ಯಬೇಕು, ಬೆಂಕಿಯಲ್ಲಿ ಸುಡಬೇಕು, ಹುಳಿಯಿಲ್ಲದ ರೊಟ್ಟಿಯೂ ಕಹಿ ಸೊಪ್ಪೂ ಜೊತೆಗಿರಬೇಕು, ಅದರ ಒಂದು ಎಲುಬನ್ನೂ ಮುರಿಯಬಾರದು. ಏಳು ದಿನದ ಹಬ್ಬ ಅವನಿಗಿಲ್ಲ, ಒಂದೇ ದಿನ; ಮನೆಯಿಂದ ಹುಳಿಹಿಟ್ಟನ್ನು ಹೊರಹಾಕುವ ಕಷ್ಟವೂ ಅವನಿಗಿಲ್ಲ. ಆದರೆ ಕುರಿ ಮಾತ್ರ ಇಡೀ ಕುರಿ.

2026ನೆಯ ಇಸವಿಯ ಲೆಕ್ಕದಲ್ಲಿ ಈಯಾರ್ 14 ಎಂದರೆ ಮೇ 1, ಶುಕ್ರವಾರ. ಕಾರ್ಮಿಕರ ದಿನವೂ ಹೆಣ ಹೊತ್ತವರ ದಿನವೂ ಒಂದೇ ತಾರೀಖಿಗೆ ಬೀಳುವುದು ಬರಿಯ ಪಂಚಾಂಗದ ಆಟ. ಆದರೂ ಅಂದಿನ ಸಭೆಗೆ ಯಾವ ವಿಷಯ ಎಂದು ಕೇಳಿ ಬರೆಯುವ ಲೈನುಗಳವರಿಗೆ, ಅರಣ್ಯಕಾಂಡದ 9ನೆಯ ಅಧ್ಯಾಯದ ಮೊದಲ 14 ವಚನಗಳನ್ನು ಓದಿರಿ, ಪಾಳಿಯ ಮೇಲಿದ್ದವರ ಹೆಸರುಗಳನ್ನು ಬರೆದುಕೊಂಡು ಅವರ ಊಟಕ್ಕೆ ಬೇರೊಂದು ದಿನ ಗೊತ್ತುಮಾಡಿರಿ ಎಂದು ನಾವು ಉತ್ತರಿಸುತ್ತೇವೆ.