ಒತ್ತಕ್ಷರಕ್ಕೂ ಒಂದಿಷ್ಟು ಜಾಗ

ನವೆಂಬರ್ ಮೊದಲ ವಾರ. ಟಿ. ನಗರದಲ್ಲಿ ಬೆಳಗಿನಿಂದಲೂ ಮಳೆ. ಪಾಂಡಿ ಬಜಾರಿಗೆ ಹೋಗುವ ಯೋಚನೆ ಬಿಟ್ಟು ಕಾಫಿ ಹಿಡಿದು ಕೂತಿದ್ದಾಗ ನಮ್ಮ ಕನ್ನಡ ಕೂಟದ ಮೇಷ್ಟ್ರ ಫೋನು.

"ಏನಪ್ಪಾ, ವೆಬ್‌ಸೈಟು ಹೊಸದಾಗಿ ಮಾಡಿದ್ದೀಯ, ಬಣ್ಣ ಎಲ್ಲ ಚೆನ್ನಾಗಿದೆ. ಆದರೆ ಒತ್ತಕ್ಷರಗಳ ಕಾಲು ಯಾಕೆ ಕತ್ತರಿಸಿದೆ?"

ಮೊಬೈಲ್ ತೆರೆದು ನೋಡಿದೆ. ಎರಡು ಸಾಲಿನ ಶೀರ್ಷಿಕೆಗಳಲ್ಲಿ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳ ಮೇಲೆ ಕೂತಿದ್ದವು. ಪಾಠಗಳ ಪಟ್ಟಿಯಲ್ಲಿ ಹೆಸರು ಒಂದೇ ಸಾಲಿಗೆ ನಿಲ್ಲಲಿ ಎಂದು ಕತ್ತರಿಸಿದ್ದ ಕಡೆ ಒತ್ತಿನ ಬುಡವೇ ಮಾಯ. 'ಸ್ವಾತಂತ್ರ್ಯ' ಎಂಬ ಪದ ಅರ್ಧ ಉಳಿದಿತ್ತು.

ಬೇರೆ ಊರಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಭಾನುವಾರದ ತರಗತಿಗೆ ಬರುವ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುವವರು. ತಮಿಳಿನಲ್ಲಿ ಅರ್ಧಾಕ್ಷರಕ್ಕೆ ಮೇಲೊಂದು ಚುಕ್ಕಿ ಇಟ್ಟರೆ ಮುಗಿಯಿತು. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಜೋತುಬೀಳುವುದು ಅವರಿಗೆ ಕನ್ನಡದ ಅತಿ ಕಷ್ಟದ ಪಾಠ. ಆ ಪಾಠವನ್ನೇ ನನ್ನ ವೆಬ್‌ಸೈಟು ನುಂಗಿತ್ತು.

ನಾನು ಬಳಸಿದ್ದು ಬೂಟ್‌ಸ್ಟ್ರ್ಯಾಪ್. ಟ್ವಿಟರ್‌ನಲ್ಲಿದ್ದ ಮಾರ್ಕ್ ಆಟೊ, ಜೇಕಬ್ ಥಾರ್ನ್‌ಟನ್ ಇಬ್ಬರೂ ಸೇರಿ ಮಾಡಿ, 2011ರ ಆಗಸ್ಟ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸಿದ್ಧ ವಿನ್ಯಾಸದ ಸಾಮಗ್ರಿ ಅದು. ಬಟನ್ನು, ಮೆನು, ಶೀರ್ಷಿಕೆ ಎಲ್ಲ ರೆಡಿಮೇಡ್. ಅದರಲ್ಲಿ ಮೈಬರಹದ ಸಾಲಿನ ಎತ್ತರ ಅಕ್ಷರದ ಗಾತ್ರದ 1.5 ಪಟ್ಟು, ಶೀರ್ಷಿಕೆಗೆ 1.2 ಪಟ್ಟು. ಅಂದರೆ 40 ಪಿಕ್ಸೆಲ್ ಅಕ್ಷರಕ್ಕೆ ಸಾಲಿನಲ್ಲಿ ಸಿಗುವ ಜಾಗ 48 ಪಿಕ್ಸೆಲ್. ಇಂಗ್ಲಿಷಿಗೆ ಧಾರಾಳವಾಯಿತು. ಒತ್ತಿನ ಮೇಲೆ ಒತ್ತು ಬರುವ ಕನ್ನಡಕ್ಕೆ ಸಾಲದು. ತಪ್ಪು ಅವರದಲ್ಲ, ಅಳತೆ ಕೊಡದೆ ಅಂಗಿ ತೊಟ್ಟ ನನ್ನದು.

ಸರಿಪಡಿಸಲು ಹೋಗಿ ಇನ್ನೆರಡು ತಪ್ಪು ಮಾಡಿದೆ. ಮೊದಲು ಬೂಟ್‌ಸ್ಟ್ರ್ಯಾಪ್‌ನ ಫೈಲನ್ನೇ ತೆರೆದು ಅಂಕಿಗಳನ್ನು ತಿದ್ದಿದೆ. ಮುಂದಿನ ಆವೃತ್ತಿಗೆ ಬದಲಾಯಿಸಿದ ದಿನ ತಿದ್ದಿದ್ದೆಲ್ಲ ಅಳಿಸಿಹೋಯಿತು. ಆಮೇಲೆ ನನ್ನದೇ ಒಂದು ಫೈಲು ಮಾಡಿ, ಸಾಲುಸಾಲಿಗೂ 'ಇಂಪಾರ್ಟೆಂಟ್' ಎಂದು ಒತ್ತಾಯದ ಗುರುತು ಹಾಕಿದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು.

ನಮ್ಮ ಓಣಿಯಲ್ಲಿ ಒಬ್ಬ ಟೈಲರ್ ಇದ್ದಾರೆ. ಹೊಲಿದ ಅಂಗಿಗೆ ತೇಪೆ ಹಾಕುವುದಿಲ್ಲ. ಅಳತೆ ಪುಸ್ತಕದಲ್ಲಿ ಅಂಕಿ ತಿದ್ದಿ ಹೊಸದು ಹೊಲಿಯುತ್ತಾರೆ. ಬೂಟ್‌ಸ್ಟ್ರ್ಯಾಪ್‌ಗೂ ಅಂಥದೊಂದು ಅಳತೆ ಪುಸ್ತಕವಿದೆ. ಅದೇ ವೇರಿಯಬಲ್‌ಗಳ ಫೈಲು. ಸಾಸ್ ಎಂಬ ಭಾಷೆಯಲ್ಲಿರುವ ಆ ಫೈಲಿನಲ್ಲಿ ಪ್ರತಿ ಬೆಲೆಯ ಕೊನೆಗೂ 'ಡಿಫಾಲ್ಟ್' ಎಂಬ ಗುರುತಿರುತ್ತದೆ. ಇದಕ್ಕೆ ಮೊದಲೇ ಯಾರಾದರೂ ಬೆಲೆ ಕೊಟ್ಟಿದ್ದರೆ ಅದೇ ಇರಲಿ, ಇಲ್ಲದಿದ್ದರೆ ಇದು ಎಂದು ಅರ್ಥ. ಹಾಗಾಗಿ ನಮ್ಮ ಅಂಕಿಗಳು ಆ ಫೈಲಿಗಿಂತ ಮೊದಲು ಬರಬೇಕು. ನಂತರ ಬರೆದು, ಯಾಕೆ ಬದಲಾಗಲಿಲ್ಲ ಎಂದು ತಲೆ ಕೆರೆದುಕೊಳ್ಳುವವರೇ ಹೆಚ್ಚು. ನಾನೂ ಒಂದು ರಾತ್ರಿ ಕೆರೆದುಕೊಂಡೆ.

ನಾನು ಬದಲಿಸಿದ್ದು ನಾಲ್ಕೇ ನಾಲ್ಕು. ಮೈಬರಹದ ಸಾಲಿನ ಎತ್ತರ 1.8. ಶೀರ್ಷಿಕೆಗೆ 1.6. ಅಕ್ಷರಕ್ಕೆ ನೋಟೊ ಸ್ಯಾನ್ಸ್ ಕನ್ನಡ. ನಾಲ್ಕನೆಯದು ಮುಖ್ಯ ಬಣ್ಣ.

ಬಣ್ಣದ ಬಗ್ಗೆ ಕೂಟದಲ್ಲಿ ಚರ್ಚೆಯೇ ನಡೆಯಿತು. ಅರಿಸಿನವೇ ಇರಲಿ ಎಂದರು ಹೆಚ್ಚಿನವರು. ಹಾಕಿ ತೋರಿಸಿದೆ. ಬಟನ್ನುಗಳಿಗೆ ತೊಂದರೆಯಾಗಲಿಲ್ಲ, ಹಿನ್ನೆಲೆಗೂ ಬರಹಕ್ಕೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಸಿಗುವಂತೆ ನೋಡಿಕೊಂಡು ಬೂಟ್‌ಸ್ಟ್ರ್ಯಾಪ್ ತಾನೇ ಬಿಳಿ ಅಕ್ಷರವನ್ನು ಕಪ್ಪು ಮಾಡಿಕೊಂಡಿತು. ಆದರೆ ಲಿಂಕಿನ ಬಣ್ಣವೂ ಮುಖ್ಯ ಬಣ್ಣದಿಂದಲೇ ಹುಟ್ಟುತ್ತದೆ. ಬಿಳಿ ಪುಟದ ಮೇಲೆ ಹಳದಿ ಲಿಂಕು ಮೇಷ್ಟ್ರ ಕಣ್ಣಿಗೆ ಕಾಣಿಸಲೇ ಇಲ್ಲ. ಕೊನೆಗೆ ಕುಂಕುಮ ಮುಖ್ಯ ಬಣ್ಣವಾಯಿತು, ಅರಿಸಿನ ಮೇಲಿನ ಪಟ್ಟಿಗೆ ಹೋಯಿತು.

ಸಾಸ್ ಗೊತ್ತಿಲ್ಲದವರಿಗೂ ದಾರಿ ಇದೆ. 2021ರಲ್ಲಿ ಬಂದ ಐದನೇ ಆವೃತ್ತಿಯಿಂದ ಈಚೆಗೆ ಹಲವು ಬೆಲೆಗಳು ಸಿಎಸ್‌ಎಸ್ ವೇರಿಯಬಲ್ ಆಗಿಯೂ ಸಿಗುತ್ತಿವೆ. ಬೂಟ್‌ಸ್ಟ್ರ್ಯಾಪ್ ಆದಮೇಲೆ ನಿಮ್ಮ ಫೈಲಿನಲ್ಲಿ ಒಂದು ಸಾಲು ಬರೆದರೆ ಮೈಬರಹದ ಅಕ್ಷರ, ಸಾಲಿನ ಎತ್ತರ ಬದಲಾಗುತ್ತವೆ. ಪುಟದ ಭಾಷೆ ಕನ್ನಡ ಎಂದು ಸರಿಯಾಗಿ ನಮೂದಿಸಿದ್ದರೆ ಕನ್ನಡದ ಪುಟಕ್ಕೆ 1.8, ಇಂಗ್ಲಿಷ್ ಪುಟಕ್ಕೆ 1.5 ಎಂದು ಬೇರೆ ಬೇರೆ ಕೊಡಬಹುದು. ಆದರೆ ಶೀರ್ಷಿಕೆಯ ಸಾಲಿಗೆ ಒಂದು ನಿಯಮ ಬೇರೆಯಾಗಿ ಬರೆಯಬೇಕು. ಮುಖ್ಯ ಬಣ್ಣದ ವೇರಿಯಬಲ್ ಒಂದನ್ನೇ ಹೀಗೆ ಬದಲಿಸಿದರೆ ಬಟನ್ನಿನ ನೀಲಿ ಹೋಗುವುದಿಲ್ಲ; ಅದಕ್ಕೆ ಸಾಸ್ ದಾರಿಯೇ ಸರಿ.

ಮುಂಬೈ, ಪುಣೆ, ದೆಹಲಿಗಳಲ್ಲಿ ಸಂಘದ ವೆಬ್‌ಸೈಟು ನೋಡಿಕೊಳ್ಳುವ ಗೆಳೆಯರೇ, ಇವತ್ತೇ ಒಂದು ಪರೀಕ್ಷೆ ಮಾಡಿ. 'ಸ್ವಾತಂತ್ರ್ಯ', 'ರಾಷ್ಟ್ರೀಯ' ಇರುವ ಉದ್ದದ ಶೀರ್ಷಿಕೆಯೊಂದನ್ನು ಮೊಬೈಲಿನಲ್ಲಿ ತೆರೆಯಿರಿ. ಎರಡು ಸಾಲೂ ಒಂದಕ್ಕೊಂದು ತಾಗದೆ ಓದಲು ಬರುತ್ತದೆಯೇ? ಆಮೇಲೆ ಬಣ್ಣದ ಮಾತು.

ಕಳೆದ ಭಾನುವಾರ ಮೇಷ್ಟ್ರು ಮೊಬೈಲು ಹಿಡಿದು ಮಕ್ಕಳಿಗೆ ಓದಿಸುತ್ತಿದ್ದರು. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು 'ಸ್ವಾತಂತ್ರ್ಯ'ದ ಹತ್ತಿರ ನಿಂತಳು. ಬೆರಳಿಟ್ಟು ಕೆಳಗಿನ ಒತ್ತುಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಇಡೀ ಪದವನ್ನು ಓದಿದಳು.