ಡಬ್ಬಿಯ ಪುಡಿಗೆ ಸಾಕ್ಷಿ ಎಲ್ಲಿದೆ?

ಗರಡಿಯ ಕೆಮ್ಮಣ್ಣಿನಲ್ಲಿ ಸಾಮು ಮಾಡಿದವರ ಮೊಮ್ಮಕ್ಕಳು ಇಂದು ಜಿಮ್ಮಿಗೆ ಹೋಗುತ್ತಿದ್ದಾರೆ. ಹೋಗಲಿ, ಮೈ ಬೆಳೆಸುವುದು ಅಪರಾಧವಲ್ಲ. ಆದರೆ ಗೋಡೆಯ ಮೇಲಿನ ಜಟ್ಟಿಯ ಚಿತ್ರವನ್ನೂ, ‘ವಿಜ್ಞಾನದಿಂದ ರುಜುವಾತಾದದ್ದು’ ಎಂಬ ದಪ್ಪ ಅಕ್ಷರವನ್ನೂ ನಂಬಿ, ದುಡಿದ ಹಣವನ್ನು ಪುಡಿಯ ಡಬ್ಬಿಗೆ ಸುರಿಯುವ ಹುಡುಗನ ಪರವಾಗಿ ಒಂದು ಪ್ರಶ್ನೆ ಕೇಳಲೇಬೇಕಾಗಿದೆ: ರುಜುವಾತು ಮಾಡಿದವರು ಯಾರು?

2012ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಇದನ್ನೇ ಕೇಳಿದರು. ಬ್ರಿಟನ್ ಮತ್ತು ಅಮೆರಿಕದ ಪತ್ರಿಕೆಗಳಲ್ಲಿ ಜಾಹೀರಾತಾದ ಪಾನೀಯ, ಪುಡಿ, ಬೂಟು ಮುಂತಾದ 104 ಸರಕುಗಳ 431 ಹೇಳಿಕೆಗಳನ್ನು ಶೋಧಿಸಿದರು. ಅರ್ಧಕ್ಕಿಂತ ಹೆಚ್ಚು ಕಡೆ ಆಧಾರವನ್ನೇ ಕೊಟ್ಟಿರಲಿಲ್ಲ. ಕೊಟ್ಟವುಗಳಲ್ಲಿ ತೂಗಿ ನೋಡಲು ಸಾಧ್ಯವಾದ ಅಧ್ಯಯನಗಳು 74. ಗಟ್ಟಿಯಾಗಿ ನಿಂತವು ಮೂರೇ ಮೂರು! ಇಂಥ ಸಾಕ್ಷಿಗಳನ್ನು ಕಟಕಟೆಗೆ ತಂದರೆ ನಮ್ಮ ಮುನ್ಸೀಫರು ಮಧ್ಯಾಹ್ನದೊಳಗೆ ಮೊಕದ್ದಮೆ ವಜಾ ಮಾಡಿಯಾರು.

ಪರದೇಶದ ಮಾತು ನಮಗೇಕೆ ಎನ್ನುವವರು 2024ರಲ್ಲಿ ಪ್ರಕಟವಾದ ಕೇರಳದ ವೈದ್ಯರ ಪರೀಕ್ಷೆಯನ್ನು ನೋಡಲಿ. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳ ಪೈಕಿ 25ರಲ್ಲಿ ಚೀಟಿಯ ಲೆಕ್ಕಕ್ಕೂ ಒಳಗಿನ ಸರಕಿಗೂ ತಾಳೆಯಿರಲಿಲ್ಲ. ಕೆಲವದರಲ್ಲಿ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಕೂಡ ಸಿಕ್ಕಿತು. ಹೇಳಿಕೆಯ ವಿಜ್ಞಾನ ಹಾಗಿರಲಿ, ತಕ್ಕಡಿಯೇ ಸುಳ್ಳು!

ಎಲ್ಲವೂ ಬೂದಿಯೆಂದು ನಾವು ಹೇಳುವುದಿಲ್ಲ. ಕೆಫೀನ್, ಕ್ರಿಯಾಟಿನ್ ಮೊದಲಾದ ನಾಲ್ಕೈದು ವಸ್ತುಗಳಿಗೆ ಒಳ್ಳೆಯ ಆಧಾರವಿದೆಯೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2018ರಲ್ಲಿ ಒಪ್ಪಿದ್ದಾರೆ. ಆ ನಾಲ್ಕರ ಮರ್ಯಾದೆಯನ್ನು ನಾನೂರಕ್ಕೆ ಹೊದಿಸಿ ಮಾರುವುದೇ ವ್ಯಾಪಾರದ ಗುಟ್ಟು. ಪ್ರೋಟೀನಂತೂ ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ 25 ಗ್ರಾಂ ಇದೆ. ಪಾಪ, ಹುರುಳಿಗೆ ಜಾಹೀರಾತು ಕೊಡುವ ಧಣಿಗಳಿಲ್ಲ. ದೇಹದಾರ್ಢ್ಯಕ್ಕೆ ಪ್ರೋಟೀನ್ ಪುಡಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರಲ್ಲಿ ಹೇಳಿತು. ಆ ಮಾತು ಎಷ್ಟು ಜಿಮ್ಮುಗಳ ಗೋಡೆಗೆ ಏರಿದೆ?

ಹೇಳಿಕೆಗೆ ವೈಜ್ಞಾನಿಕ ಆಧಾರ ಇರಲೇಬೇಕೆಂಬ ನಿಯಮ 2018ರಲ್ಲೇ ಬಂದಿದೆ. ಕಾಗದದ ಮೇಲೆ! ಆಹಾರ ಸುರಕ್ಷತಾ ಅಧಿಕಾರಿಗಳು ಜಿಲ್ಲೆಯ ಪ್ರತಿ ತಾಲ್ಲೂಕಿನ ಅಂಗಡಿಯಿಂದಲೂ ಡಬ್ಬಿ ಎತ್ತಿಸಿ ಪರೀಕ್ಷಿಸಲಿ. ಫಲಿತಾಂಶವನ್ನು ಕಂಪೆನಿಯ ಹೆಸರಿನೊಡನೆ ಕನ್ನಡದಲ್ಲಿ ಅಚ್ಚು ಹಾಕಿಸಿ ಆ ಅಂಗಡಿಯ ಬಾಗಿಲಿಗೇ ಅಂಟಿಸಲಿ.